ಅವ್ವನಿಂದ ಅವ್ವನಿಗೆ

ಇಷ್ಟು ದಿನವಾದರೂ ನನ್ನ ಸಿಟ್ಟು ಇಳಿದಿಲ್ಲ. ಇಳಿಯುವ ಮೊದಲೇ ಬರೆದುಬಿಡಬೇಕು ಅಂತ ಕೂತಿದ್ದೇನೆ. ನನ್ನ ತಮ್ಮ ಓದಿದರೆ ಓದಲಿ, ಅವನಿಗೆ ಗೊತ್ತಿಲ್ಲದ್ದೇನೂ ಇದರಲ್ಲಿಲ್ಲ.

ವಿಷಯ ಒಂದು ಹಳೇ ಗ್ರಿಲ್ಲಿನದು. ಕಿಟಕಿಗೆ ಹಾಕುವ ಗ್ರಿಲ್ ಅಲ್ಲ, ಕಬಾಬ್ ಸುಡುವುದು. ನಾಲ್ಕು ಕಾಲು, ಮೂರಡಿ ಉದ್ದ, ಒಳಗೆ ಕೆಂಡ, ಮೇಲೆ ಸಾಲಾಗಿ ಸಲಾಕೆ, ಸುತ್ತ ಸ್ಟೇನ್‌ಲೆಸ್ ಸ್ಟೀಲಿನ ತಗಡು. ಸಿರುಗುಪ್ಪದ ಬಸ್ ಸ್ಟ್ಯಾಂಡಿನ ಹತ್ತಿರ ನಮ್ಮವ್ವ ದಿನಾ ಸಂಜೆ ಇದರ ಮುಂದೆ ನಿಂತು ನಮ್ಮಿಬ್ಬರನ್ನು ಸಾಕಿದಳು. ರೈಸ್ ಮಿಲ್ಲಿನ ಹಮಾಲರು, ಲಾರಿ ಡ್ರೈವರುಗಳು, ಕೊನೇ ಬಸ್ಸಿಗೆ ಕಾಯುವವರು, ಎಲ್ಲರೂ ಅವಳ ಕೈಯ ಕಬಾಬ್ ತಿಂದವರೇ. ಆ ಗ್ರಿಲ್ಲಿನ ಮುಂದಿನ ತಗಡಿನ ಮೇಲೆ ಚುಕ್ಕಿ ಚುಕ್ಕಿಯಾಗಿ ಕೊರೆದ ಎರಡು ಸಾಲುಗಳಿದ್ದವು. ಮೊದಲ ಸಾಲಲ್ಲಿ ಅವ್ವನ ಹೆಸರು, ಮುಂದೆ 'ಇವರಿಂದ' ಅಂತ. ಎರಡನೇ ಸಾಲಲ್ಲಿ ಮತ್ತೆ ಅದೇ ಹೆಸರು, ಮುಂದೆ 'ಇವರಿಗೆ' ಅಂತ.

ನೋಡಿದವರೆಲ್ಲ ಕೊರೆಯುವವನು ತಪ್ಪು ಮಾಡಿದ್ದಾನೆ ಅಂದುಕೊಳ್ಳುತ್ತಿದ್ದರು. ತಪ್ಪಲ್ಲ ಅದು. ಅವ್ವ ಜಗಳ ಮಾಡಿ ಬರೆಸಿದ್ದು.

ನಮ್ಮ ಕಡೆ ಸ್ಟೀಲ್ ಸಾಮಾನಿನ ಮೇಲೆ ಹೆಸರು ಕೊರೆಸದೆ ಯಾರೂ ಕೊಡುವುದಿಲ್ಲ. ಮದುವೆಗೆ ಕೊಡ, ತೊಟ್ಟಿಲಿಗೆ ಬಟ್ಟಲು, ಹೊಸ ಮನೆಗೆ ಹಂಡೆ, ಏನೇ ಕೊಡಲಿ, ಪಾತ್ರೆ ಅಂಗಡಿಯವನು ಕರೆಂಟಿನ ಪೆನ್ನು ಹಿಡಿದು ಟರ್ರ್ ಅಂತ ಕೊರೆದು ಕೊಡುತ್ತಾನೆ. ಇಂಥವರಿಂದ, ಇಂಥವರಿಗೆ. ನೋಡಲು ಪ್ರೀತಿಯ ಮಾತು. ಆದರೆ ಮನೆ ಒಡೆಯುವ ದಿನ ಅದೇ ಕೋರ್ಟಿನ ಕಾಗದ ಆಗುತ್ತದೆ ಅನ್ನುವುದನ್ನು ನಾನು ಹನ್ನೆರಡನೇ ವಯಸ್ಸಿಗೇ ನೋಡಿದೆ.

ಅಪ್ಪ ತೀರಿಕೊಂಡ ಮರುವರ್ಷ ಚಿಕ್ಕಪ್ಪ ಬೇರೆಯಾಗೋಣ ಅಂದ. ಅಂಗಳದಲ್ಲಿ ಜಮಖಾನ ಹಾಸಿ ಮನೆಯ ಪಾತ್ರೆಗಳನ್ನೆಲ್ಲ ಇಟ್ಟರು. ನಾಲ್ಕು ಮಂದಿ ಹಿರಿಯರು ಕೂತಿದ್ದರು. ಚಿಕ್ಕಪ್ಪ ಒಂದೊಂದೇ ಪಾತ್ರೆ ಎತ್ತಿ, ತಿರುಗಿಸಿ, ಹೆಸರು ಓದಿ ಆ ಕಡೆ ಈ ಕಡೆ ಇಟ್ಟ. ಅವ್ವನ ತವರು ದೇಶನೂರು. ಅಲ್ಲಿಂದ ನಮ್ಮ ಅಜ್ಜ ಮದುವೆಯಲ್ಲಿ ಕೊಟ್ಟ ಕೊಡ, ಹಂಡೆ, ಪರಾತ, ದೊಡ್ಡ ಡಬರಿ ಎಲ್ಲ ಅಲ್ಲಿದ್ದವು. ಎಲ್ಲದರ ಮೇಲೂ ಅಜ್ಜನ ಹೆಸರು, ಕೆಳಗೆ ಅಳಿಯನ ಹೆಸರು. ಮಗಳ ಹೆಸರು ಕೊರೆಸುವ ಪದ್ಧತಿಯೇ ಇರಲಿಲ್ಲ.

"ಇವು ನಮ್ಮಪ್ಪ ನನಗ ಕೊಟ್ಟಿದ್ದು" ಅಂದಳು ಅವ್ವ.

"ಕೊಟ್ಟಾನ, ಇಲ್ಲ ಅಂದವರ್ಯಾರು? ಯಾರಿಗೆ ಕೊಟ್ಟಾನ ಅನ್ನೋದು ಓದು" ಅಂದ ಚಿಕ್ಕಪ್ಪ. "ನಮ್ಮಣ್ಣನ ಹೆಸರೈತಿ. ಅಣ್ಣನ ಸಾಮಾನು ಅಣ್ಣ ಹುಟ್ಟಿದ ಮನ್ಯಾಗ ಇರ್ತೈತಿ."

ಹಿರಿಯರು ಹೌದು ಹೌದು ಅಂತ ತಲೆ ಆಡಿಸಿದರು. ಅವರ ಬಾಯಿಗೆ ಮಣ್ಣು ಬೀಳಲಿ! ಸತ್ತವರನ್ನು ಬೈಯಬಾರದು ಅನ್ನುತ್ತಾರೆ, ಆದರೂ ಬೈಯುತ್ತೇನೆ. ನಮಗೆ ಸಿಕ್ಕಿದ್ದು ಹೆಸರಿಲ್ಲದ ಎರಡು ಅಲ್ಯೂಮಿನಿಯಂ ಪಾತ್ರೆ ಮತ್ತು ಮುರಿದ ಜರಡಿ. ಅವ್ವ ಆವತ್ತು ಅಳಲಿಲ್ಲ. ಒಡೆದ ಡ್ರಮ್ಮಿನ ಅರ್ಧದಲ್ಲಿ ಕೆಂಡ ಹಾಕಿ ಕಬಾಬ್ ಸುಡಲು ಶುರು ಮಾಡಿದಳು.

ಎರಡು ವರ್ಷ ಕಳೆದ ಮೇಲೆ ಬಳ್ಳಾರಿಯ ಒಂದು ವರ್ಕ್‌ಶಾಪಿನಲ್ಲಿ ಈ ಗ್ರಿಲ್ ಮಾಡಿಸಿದಳು. ಮಾಡಿಸಿದವಳು ನೇರ ಸಿರುಗುಪ್ಪಕ್ಕೆ ಹೊರಡಲಿಲ್ಲ. ಆಟೋದಲ್ಲಿ ಅದನ್ನು ಹೇರಿಸಿ, ನನ್ನನ್ನು ಪಕ್ಕಕ್ಕೆ ಕೂರಿಸಿಕೊಂಡು, ಪಾತ್ರೆ ಅಂಗಡಿಯ ಮುಂದೆ ಇಳಿಸಿದಳು. ಕೊರೆಯುವವನು ಕನ್ನಡಕ ಮೂಗಿನ ತುದಿಗೆ ತಂದು ಗ್ರಿಲ್ಲನ್ನೂ ಅವಳನ್ನೂ ನೋಡಿದ.

"ಇದನ್ನೂ ಮದುವೀಗೆ ಕೊಡ್ತೀರೇನಮ್ಮಾ?"

"ಮದುವಿ ಗಿದುವಿ ಏನಿಲ್ಲ. ಹೆಸರು ಕೊರಿ."

"ಯಾರಿಂದ?"

ಅವ್ವ ತನ್ನ ಹೆಸರು ಹೇಳಿದಳು.

"ಯಾರಿಗೆ?"

ಅವ್ವ ಮತ್ತೆ ತನ್ನ ಹೆಸರೇ ಹೇಳಿದಳು. ಅವನು ಪೆನ್ನಿನ ಸ್ವಿಚ್ ಆರಿಸಿದ.

"ಅಲ್ಲಮ್ಮಾ, ಕೊಡೋರ ಹೆಸರು ಆತು. ತಗೊಳ್ಳೋರ ಹೆಸರು ಹೇಳ್ರಿ."

"ತಗೊಳ್ಳಾಕಿನೂ ನಾನಾ."

"ಹಂಗ ಬರಿಯಾಕ ಬರಂಗಿಲ್ರಿ. ನನ್ನ ಕೆಲಸ ನೋಡಿ ಮಂದಿ ನಗ್ತಾರ."

"ನಗಲಿ ಬಿಡು. ನಕ್ಕವರಿಗೆ ಒಂದು ತುಂಡು ಹೆಚ್ಚಿಗಿ ಕೊಡ್ತೀನಿ. ನೀ ಬರಿ."

ಅವನು ಗೊಣಗುತ್ತಲೇ ಬರೆದ. ನಾನು ಆಗ ನಾಚಿಕೆಯಿಂದ ಅಂಗಡಿಯ ಹೊರಗೆ ಹೋಗಿ ನಿಂತಿದ್ದೆ. ಆ ನಾಚಿಕೆಗೆ ಈಗ ನಾಚಿಕೆಯಾಗುತ್ತದೆ. ಅವ್ವ ಮಾತ್ರ ಬೆರಳಿನಿಂದ ಅಕ್ಷರಗಳನ್ನು ಒಂದೊಂದಾಗಿ ಮುಟ್ಟಿ ನೋಡಿ, ಸರಿ ಇದೆ ಅಂತ ತಲೆ ಆಡಿಸಿದಳು. ಅಲ್ಲಿಂದ ಮುಂದೆ ಗಿರಾಕಿಗಳು ಚೇಷ್ಟೆ ಮಾಡಿದಾಗೆಲ್ಲ ಅವಳದು ಒಂದೇ ಉತ್ತರ: "ಮತ್ಯಾರು ಕೊಡ್ತಾರಪ್ಪ ನನಗ? ನಾನಾ ಕೊಟ್ಕೊಂಡೀನಿ."

ಈಗ ನನ್ನ ಕಥೆ. ನನ್ನ ಗಂಡನದು ಬಳ್ಳಾರಿಯಲ್ಲಿ ಸ್ಟೀಲ್ ರೇಲಿಂಗ್, ಗೇಟು ಮಾಡುವ ಸಣ್ಣ ವರ್ಕ್‌ಶಾಪ್. ವೆಲ್ಡಿಂಗ್ ಅವರದು, ಪಾಲಿಶ್ ನನ್ನದು. ಹೆಂಗಸು ಗ್ರೈಂಡರ್ ಹಿಡಿಯುತ್ತಾಳೆ ಅಂತ ಮೊದಮೊದಲು ಬೀದಿಯವರೆಲ್ಲ ಬಂದು ನೋಡಿ ಹೋಗುತ್ತಿದ್ದರು. ನೋಡಿ ನೋಡಿ ಸುಸ್ತಾಗಿ ಬಿಟ್ಟರು. ಸ್ಟೀಲ್ ವಿಷಯದಲ್ಲಿ ನನಗೆ ಯಾರೂ ಬುದ್ಧಿ ಹೇಳಬೇಕಾಗಿಲ್ಲ ಅನ್ನುವಷ್ಟು ವರ್ಷ ಆಗಿದೆ.

ಅವ್ವನ ಮಂಡಿ ಕೆಟ್ಟ ಮೇಲೆ ಕಬಾಬ್ ನಿಂತಿತು. ಅವಳು ಸಿರುಗುಪ್ಪದಲ್ಲಿ ತಮ್ಮನ ಮನೆಯಲ್ಲೇ ಇದ್ದಾಳೆ, ಸೊಸೆಯ ಜೊತೆ ಹೊಂದಿಕೊಂಡು, ಮೊಮ್ಮಕ್ಕಳಿಗೆ ಬೈದುಕೊಂಡು ಆರಾಮಾಗಿದ್ದಾಳೆ. ತಮ್ಮ ಹೋದ ವರ್ಷ ಬಳ್ಳಾರಿಯಲ್ಲಿ ಹೋಟೆಲ್ ತೆಗೆಯುತ್ತೇನೆ ಅಂದ. ಕಬಾಬ್, ಬಿರಿಯಾನಿ. ಅವ್ವನ ಗ್ರಿಲ್ಲನ್ನು ಬಾಗಿಲಲ್ಲೇ ಇಟ್ಟರೆ ಜನ ನಿಂತು ನೋಡುತ್ತಾರೆ, ಹಳೇ ಕೈರುಚಿ ಅಂತ ನಂಬುತ್ತಾರೆ ಅಂದ. ಯೋಚನೆ ಒಳ್ಳೆಯದೇ ಇತ್ತು. ನನಗೂ ಖುಷಿಯಾಯಿತು. ಅವ್ವನೂ ಒಪ್ಪಿದಳು. ಗ್ರಿಲ್ ಗೂಡ್ಸ್ ಆಟೋ ಹತ್ತುವಾಗ ನನಗೆ ಫೋನ್ ಮಾಡಿ ಒಂದೇ ಮಾತು ಹೇಳಿದಳು.

"ಏನಾರ ಮಾಡು, ಅಕ್ಷರ ಹೋಗಬಾರದು."

"ನನ್ನ ಕೈಯಾಗ ಐತಿ ಅಲ್ಲಬೇ, ಹೋಗಂಗಿಲ್ಲ" ಅಂದೆ.

ಬಂದ ಗ್ರಿಲ್ ನೋಡಿದರೆ ಸ್ಟೀಲ್ ಅಂತ ಹೇಳುವಂತಿರಲಿಲ್ಲ. ಎಣ್ಣೆ, ಮಸಾಲೆ, ಹೊಗೆ ಸೇರಿ ಬೆರಳು ದಪ್ಪ ಕರಿ ಗಟ್ಟಿಯಾಗಿತ್ತು. ಕೆಂಡದ ಕಾವಿಗೆ ತಗಡು ಅಲ್ಲಲ್ಲಿ ನೀಲಿ, ಕಂದು ಆಗಿತ್ತು. ಯಾರೋ ಪುಣ್ಯಾತ್ಮರು ನಡುವೆ ಕಬ್ಬಿಣದ ನಾರು ಹಾಕಿ ತಿಕ್ಕಿದ್ದರಿಂದ ತುಕ್ಕಿನ ಚುಕ್ಕಿಗಳೂ ಇದ್ದವು. ಸ್ಟೇನ್‌ಲೆಸ್ ಸ್ಟೀಲನ್ನು ಕಬ್ಬಿಣದಿಂದ ತಿಕ್ಕಬಾರದು, ಅದರ ಪುಡಿ ಕೂತು ತುಕ್ಕು ಹಿಡಿಯುತ್ತದೆ ಅಂತ ಎಷ್ಟು ಜನಕ್ಕೆ ಹೇಳಿದ್ದೇನೋ, ಕೇಳುವವರು ಯಾರು?

ಬಿಸಿನೀರಿಗೆ ಬಟ್ಟೆ ಒಗೆಯುವ ಸೋಡಾ ಕಲಸಿ, ಗೋಣಿಚೀಲ ಅದ್ದಿ ತಗಡಿನ ಮೇಲೆ ಹೊದಿಸಿದೆ. ಮೆತ್ತಗಾದ ಕರಿಯನ್ನು ಮರದ ಪಟ್ಟಿಯಿಂದ ಕೆರೆದೆ. ಒಂದು ದಿನದ ಕೆಲಸ ಅಲ್ಲ, ಅಂಗಡಿಯ ಕೆಲಸ ಮುಗಿದ ಮೇಲೆ ಸಂಜೆ ಒಂದೊಂದು ಗಂಟೆಯಂತೆ ಎರಡು ವಾರ ಹಿಡಿಯಿತು. ನೀಲಿ ಕಲೆಗೆ ಹುಣಸೇಹಣ್ಣು. ಆಮೇಲೆ ಉಜ್ಜುವ ಎಮರಿ ಹಾಳೆ, ಮೊದಲು ಒರಟಾದದ್ದು, ಆಮೇಲೆ ನುಣುಪಾದದ್ದು. ಆ ತಗಡಿಗೆ ಹುಟ್ಟಿನಿಂದಲೇ ಉದ್ದಕ್ಕೆ ಹೋಗುವ ಸಣ್ಣ ಗೆರೆಗಳಿರುತ್ತವೆ, ತಲೆಗೂದಲಿನಷ್ಟು ಸಣ್ಣವು. ಕೈ ಆ ಗೆರೆಯ ದಿಕ್ಕಿನಲ್ಲೇ ಹೋಗಬೇಕು. ಅಡ್ಡಡ್ಡ ಉಜ್ಜಿದರೆ, ಗುಂಡಗೆ ಉಜ್ಜಿದರೆ ಮುಗಿಯಿತು, ಎಷ್ಟು ತಿದ್ದಿದರೂ ಗಾಯ ಕಾಣುತ್ತದೆ.

ಅಕ್ಷರಗಳ ಹತ್ತಿರ ಬಂದಾಗ ಉಸಿರು ಬಿಗಿಹಿಡಿದು ಮಾಡಿದೆ. ಪೆನ್ನಿನ ಚುಕ್ಕಿಗಳು ಆಳ ಇರುವುದಿಲ್ಲ, ಉಗುರು ತಾಕಿದರೆ ಮಾತ್ರ ಗೊತ್ತಾಗುತ್ತವೆ. ಅಷ್ಟು ವರ್ಷ ಅವು ಓದಲು ಬರುತ್ತಿದ್ದದ್ದೇ ಒಳಗೆ ಕೂತ ಕರಿಯಿಂದ. ಸೋಡಾಕ್ಕೆ ಆ ಕರಿ ಬಿಟ್ಟುಹೋಗಿ ಅಕ್ಷರ ಬಿಳಚಿಕೊಂಡವು. ಸುತ್ತ ಟೇಪ್ ಅಂಟಿಸಿದೆ. ಅಲ್ಲಿ ಎಮರಿಯ ಮಾತೇ ಇಲ್ಲ, ಬರೀ ಬಟ್ಟೆ ಮತ್ತು ಹುಣಸೆ ನೀರು. ಆಮೇಲೆ ಕರಿ ಎನಾಮಲ್ ಬಣ್ಣ ಸವರಿ, ಅರೆ ಒಣಗಿದಾಗ ಮೇಲಿನದನ್ನು ಒರೆಸಿದರೆ ಚುಕ್ಕಿಯೊಳಗೆ ಮಾತ್ರ ಬಣ್ಣ ಉಳಿಯುತ್ತದೆ. ಕೆಳಗಿನ ಸಾಲು ಮೊದಲು ಮಾಡಿದೆ. ಅವ್ವನ ಹೆಸರು, 'ಇವರಿಗೆ'. ಹೊಸದಾಗಿ ಬರೆದಂತೆ ಎದ್ದು ಬಂತು. ನಾನೊಬ್ಬಳೇ ವರ್ಕ್‌ಶಾಪಿನಲ್ಲಿ ಕೂತು ನಕ್ಕೆ.

ಮೇಲಿನ ಸಾಲು ಉಳಿಯಿತು. ಮರುದಿನವೇ ಮಾಡಬೇಕಿತ್ತು, ಆದರೆ ಕುರುಗೋಡಿನಲ್ಲಿ ಒಬ್ಬರ ಮನೆಯ ಮೆಟ್ಟಿಲ ರೇಲಿಂಗಿಗೆ ಪಾಲಿಶ್ ಮಾಡಲು ಹೋಗಲೇಬೇಕಾಯಿತು. ಎರಡು ದಿನ. ಬಂದು ಮಾಡಿದರಾಯಿತು ಅಂದುಕೊಂಡೆ. ಆ ಎರಡು ದಿನ ನೆನೆದರೆ ಇವತ್ತಿಗೂ ನನ್ನ ತಲೆಗೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ.

ಕುರುಗೋಡಿನಿಂದ ಬಂದರೆ ವರ್ಕ್‌ಶಾಪಿನಲ್ಲಿ ಗ್ರಿಲ್ ಇರಲಿಲ್ಲ.

"ನಿಮ್ಮ ತಮ್ಮ ಬಂದು ಒಯ್ದ. ಅಕ್ಕಗ ಹೇಳೀನಿ ಅಂದ" ಅಂದರು ನನ್ನ ಗಂಡ.

ಯಾವ ಅಕ್ಕನಿಗೆ ಹೇಳಿದ್ದನೋ! ಚಪ್ಪಲಿ ಕೂಡ ಬದಲಿಸದೆ ಹೋಟೆಲಿಗೆ ಹೋದೆ. ಇನ್ನೂ ಟೇಬಲ್ಲು ಕುರ್ಚಿ ಜೋಡಿಸುತ್ತಿದ್ದರು. ಬಾಗಿಲಲ್ಲಿ ಗ್ರಿಲ್ ನಿಂತಿತ್ತು, ಮೇಲೆ ಹಸಿರು ಬಟ್ಟೆ. ತಮ್ಮ ಓಡಿ ಬಂದು ಅಡ್ಡ ನಿಂತ.

"ಈಗ ತೆಗೀಬ್ಯಾಡಕ್ಕ. ಶುಕ್ರವಾರ ಅವ್ವನ ಮುಂದ ತೆಗಿಯೋದೈತಿ. ಸರ್‌ಪ್ರೈಸ್."

ಅವನನ್ನು ಸರಿಸಿ ಬಟ್ಟೆ ಎಳೆದೆ. ನನ್ನ ಮುಖ ನನಗೇ ಕಂಡಿತು. ಬಫಿಂಗ್ ಮಷಿನ್ನಿಗೆ ಕೊಟ್ಟು ತಗಡನ್ನು ಕನ್ನಡಿ ಮಾಡಿಸಿದ್ದ. ಎರಡು ವಾರ ನಾನು ಕಾಪಾಡಿದ ಗೆರೆ ಒಂದೂ ಇರಲಿಲ್ಲ. ಕೆಂಡ ಹಾಕುವ ಗ್ರಿಲ್ಲಿಗೆ ಯಾರಾದರೂ ಕನ್ನಡಿ ಪಾಲಿಶ್ ಮಾಡಿಸುತ್ತಾರಾ? ಒಂದೇ ಸಂಜೆಗೆ ನೀಲಿಯಾಗುತ್ತದೆ. ಅದು ಹೋಗಲಿ. ಅಕ್ಷರ? ಅವ್ವನ ಎರಡು ಸಾಲೂ ನುಣ್ಣಗೆ ಹೋಗಿದ್ದವು. ಅವು ಇದ್ದ ಜಾಗದಲ್ಲಿ ಲೇಸರಿನಿಂದ, ಬಳ್ಳಿ ಹೂವಿನ ಅಂಚು ಹಾಕಿ, ಬೇರೆ ಎರಡು ಸಾಲು. ಮೊದಲನೆಯದರಲ್ಲಿ ತಮ್ಮನ ಹೆಸರು, 'ಇವರಿಂದ'. ಎರಡನೆಯದು, 'ಪ್ರೀತಿಯ ಅವ್ವನಿಗೆ'.

ಕೈಯಲ್ಲಿದ್ದ ಬಟ್ಟೆಯನ್ನು ಅವನತ್ತ ಎಸೆದೆ.

"ಏನ್ಲೇ ಇದು? ಯಾವಾಗ ಕೊಟ್ಯಲೇ ನೀ ಇದನ್ನ ಅವ್ವಗ?"

"ಮ್ಯಾಗಿನ ಸಾಲು ಕಾಣ್ತಾನಾ ಇದ್ದಿಲ್ಲಕ್ಕ. ಬಫಿಂಗ್‌ನೋನು ಇದು ಅರ್ಧಮರ್ಧ ಐತಿ, ತೆಗೆದು ಹೊಸದು ಹಾಕಿಸ್ರಿ ಅಂದ. ಮತ್ತ ಅದು ಹೆಂಗೂ ತಪ್ಪಾ ಇತ್ತಲ್ಲ, ಎರಡೂ ಕಡೆ ಒಂದಾ ಹೆಸರು. ಗಿರಾಕಿ ಫೋಟೋ ಹೊಡೀತಾರ, ನಗ್ತಾರ."

"ಅವ್ವನ ಹೆಸರೆಲ್ಲಿ? ಅದನ್ನಾರ ಉಳಿಸಬೇಕಿತ್ತಲ್ಲ?"

ಅವನು ಆ ಕಡೆ ಈ ಕಡೆ ನೋಡಿದ. "ಗಂಡಸರು ಉಣ್ಣಾಕ ಬರೋ ಜಾಗ ಅಕ್ಕ. ಅವ್ವನ ಹೆಸರು ಬಾಗಿಲಾಗ ಹಾಕಿದ್ರ ಛಂದ ಕಾಣಂಗಿಲ್ಲ."

ಛಂದ ಕಾಣುವುದಿಲ್ಲವಂತೆ! ಮೂವತ್ತು ವರ್ಷ ಅದೇ ಗಂಡಸರ ಮುಂದೆ ಅವಳು ಹೊಗೆ ಕುಡಿಯುತ್ತ ನಿಂತಾಗ ಛಂದ ಕಂಡಿತ್ತು. ಆ ಹೊಗೆಯಲ್ಲಿ ಇವನ ಫೀಸು, ಯೂನಿಫಾರ್ಮು, ಮದುವೆ ಎಲ್ಲ ಛಂದವಾಗಿಯೇ ಆಗಿತ್ತು. ನಾನು ಅಷ್ಟನ್ನೂ ಅಂದೆ, ಇನ್ನೂ ಬಹಳ ಅಂದೆ, ಕುರ್ಚಿ ಜೋಡಿಸುವವರು ಕೆಲಸ ಬಿಟ್ಟು ನಿಂತರು. ತಮ್ಮನ ಕಣ್ಣಲ್ಲಿ ನೀರು ಬಂತು. ಅವನಿಗೆ ನಿಜಕ್ಕೂ ಅರ್ಥವಾಗಿರಲಿಲ್ಲ, ಅದೇ ನನಗೆ ಇನ್ನೂ ಸಿಟ್ಟು ತರಿಸಿತು. ಅವ್ವನಿಗೆ ಏನೋ ದೊಡ್ಡ ಮರ್ಯಾದೆ ಮಾಡುತ್ತಿದ್ದೇನೆ ಅಂತಲೇ ಅವನು ತಿಳಿದಿದ್ದ. ಪಾತ್ರೆ ಹಂಚಿದ ದಿನದ ಕಥೆ ಅವನು ಎಷ್ಟು ಸಲ ಕೇಳಿದ್ದನೋ, ಕೇಳಿದ್ದಾನೆ ಅಷ್ಟೇ.

ಮತ್ತೆ ಕೊರೆಸೋಣ ಅಂತ ನನ್ನ ಗಂಡನನ್ನು ಕರೆಸಿದೆ. ಅವರು ತಗಡನ್ನು ಬೆರಳಲ್ಲಿ ಒತ್ತಿ ನೋಡಿದರು. ಮೂವತ್ತು ವರ್ಷ ಸುಟ್ಟ ತಗಡು, ಅದರ ಮೇಲೆ ಬಫಿಂಗ್. ಒತ್ತಿದ ಕಡೆ ಡಬ್ ಅಂತ ಒಳಗೆ ಹೋಗಿ ಬಂತು. "ಇನ್ನೊಂದು ಸಲ ಉಜ್ಜಿದ್ರ ತೂತಾ" ಅಂದರು. ಮುಂದಿನ ತಗಡನ್ನೇ ಬದಲಿಸಬಹುದಿತ್ತು. ಬದಲಿಸಿದರೆ ಅದು ಅವ್ವ ಮುಟ್ಟಿದ ತಗಡಲ್ಲ.

ಆವತ್ತೇ ಅವ್ವನಿಗೆ ಫೋನ್ ಮಾಡಿದೆ. ನನ್ನ ಕೈಯಲ್ಲಿದೆ ಅಂತ ಮಾತು ಕೊಟ್ಟವಳು ನಾನು, ಮೇಲಿನ ಸಾಲಿಗೆ ಬಣ್ಣ ತುಂಬದೆ ಹೋದವಳು ನಾನು. ಅದನ್ನೂ ಹೇಳಿದೆ, ತಮ್ಮ ಬರೆಸಿದ್ದನ್ನೂ ಹೇಳಿದೆ.

"ಶುಕ್ರವಾರ ಬರ್ತೀನಲ್ಲ, ನಾನಾ ನೋಡ್ತೀನಿ" ಅಂದು ಇಟ್ಟಳು.

ಶುಕ್ರವಾರ ಮಧ್ಯಾಹ್ನದ ನಮಾಜು ಮುಗಿಸಿಕೊಂಡು ನೆಂಟರೆಲ್ಲ ಹೋಟೆಲಿನ ಆರಂಭಕ್ಕೆ ಬಂದರು. ಅವ್ವ ಹೊಸ ಸೀರೆ ಉಟ್ಟು ಸೊಸೆಯ ತೋಳು ಹಿಡಿದು ಬಂದಳು. ತಮ್ಮನ ಮುಖ ಬಾಡಿತ್ತು, ಆದರೂ ಅಷ್ಟು ಜನರ ಮುಂದೆ ಬಟ್ಟೆ ತೆಗೆಯದೆ ಬೇರೆ ದಾರಿ ಇರಲಿಲ್ಲ. ತೆಗೆದ. ಎಲ್ಲರೂ ವಾಹ್ ವಾಹ್ ಅಂದರು. ಯಾರೋ ಗಟ್ಟಿಯಾಗಿ ಓದಿದರು. "ಮಗ ಅಂದ್ರ ಹಿಂಗಿರಬೇಕು ನೋಡ್ರಿ! ಅವ್ವಗ ಎಂಥಾ ಗ್ರಿಲ್ ಕೊಡಿಸ್ಯಾನ!"

ನಾನು ಹಲ್ಲು ಕಚ್ಚಿ ನಿಂತಿದ್ದೆ. ಅವ್ವ ಹತ್ತಿರ ಹೋಗಿ ಬಗ್ಗಿದಳು. ಬೆರಳಿಟ್ಟು ಒಂದೊಂದೇ ಅಕ್ಷರ ಕೂಡಿಸಿ ಓದಿದಳು. ಅವಸರ ಮಾಡಲಿಲ್ಲ. ಓದಿ ಮುಗಿಸಿ ನೆಟ್ಟಗಾಗಿ ಮಗನ ಕಡೆ ತಿರುಗಿದಳು.

"ಇದನ್ನ ಕೊಡಿಸಿದಾಗ ನಿನಗ ಎಷ್ಟು ವಯಸ್ಸು?"

ತಮ್ಮ ತಲೆ ತಗ್ಗಿಸಿದ.

"ಹೇಳಪ್ಪಾ. ಮಂದಿ ಕೇಳಾಕತ್ಯಾರ."

"ಆರು" ಅಂದ, ಸಣ್ಣ ದನಿಯಲ್ಲಿ.

ವಾಹ್ ಅನ್ನುತ್ತಿದ್ದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ತಮ್ಮ ಅವ್ವನ ಕೈ ಹಿಡಿದುಕೊಂಡ. "ತಪ್ಪಾತಬೇ. ಈ ತಗಡಾ ತೆಗೆಸ್ತೀನಿ. ಹೊಸದು ಹಾಕಿಸಿ ನಿನ್ನ ಹೆಸರಾ ಬರೆಸ್ತೀನಿ."

"ಬ್ಯಾಡ" ಅಂದಳು ಅವ್ವ. ಕೈ ಬಿಡಿಸಿಕೊಳ್ಳಲಿಲ್ಲ, ದನಿಯನ್ನೂ ಏರಿಸಲಿಲ್ಲ. "ನಾ ಬರೆಸಿದ್ದು ಖರೇ ಇತ್ತು, ಮಂದಿ ನಕ್ರು. ನೀ ಬರೆಸಿದ್ದು ಸುಳ್ಳೈತಿ, ಎಲ್ಲಾರೂ ವಾಹ್ ಅಂತಾರ. ಇರಲಿ ಬಿಡು. ಆದ್ರ ಯಾರಾರ ಕೇಳಿದ್ರ, ಇದು ಸುಳ್ಳು ಅಂತ ನೀನಾ ಹೇಳಬೇಕು. ಅಕ್ಕ ಅಲ್ಲ, ನಿನ್ನ ಹೇಣ್ತಿ ಅಲ್ಲ, ಮಾಣಿ ಅಲ್ಲ. ನೀನಾ. ಕೇಳಿದಾಗೆಲ್ಲ."

ಆಮೇಲೆ ಅವಳೇ ಮೊದಲ ಸಲಾಕೆ ಇಟ್ಟಳು. ಜನ ಉಂಡರು, ಹೊಗಳಿದರು, ಹೋದರು. ನನಗೆ ಮಾತ್ರ ಒಂದು ತುತ್ತೂ ಇಳಿಯಲಿಲ್ಲ. ಅಷ್ಟಕ್ಕೇ ಬಿಟ್ಟಳಲ್ಲ ಅಂತ ಅವ್ವನ ಮೇಲೂ ಸಿಟ್ಟು ಬಂತು. ಬಾಯಲ್ಲಿ ಹೇಳಿದ್ದು ಗಾಳಿಗೆ ಹೋಗುತ್ತದೆ, ಕೊರೆದದ್ದು ಉಳಿಯುತ್ತದೆ. ಅದನ್ನು ಅವಳಿಗೆ ನಾನು ಹೇಳಿಕೊಡಬೇಕಾ? ಮನೆಗೆ ಹೋಗುವಾಗ ಕೇಳಿಯೇಬಿಟ್ಟೆ. "ನಿನಗ ತಿಳಿಯಂಗಿಲ್ಲ, ಸುಮ್ನಿರು" ಅಂದಳು. ಈ ವಯಸ್ಸಿನಲ್ಲೂ ನನಗೆ ಅದೇ ಉತ್ತರ.

ತಿಂಗಳು ಕಳೆದಿರಬೇಕು. ಒಂದು ಮಧ್ಯಾಹ್ನ ಆ ದಾರಿಯಲ್ಲಿ ಹೋಗುತ್ತಿದ್ದವಳು ಹೋಟೆಲಿಗೆ ಹೊಕ್ಕೆ. ನಾನು ಹೇಳಿದಂತೆಯೇ ಗ್ರಿಲ್ಲಿನ ಕನ್ನಡಿ ಆಗಲೇ ನೀಲಿ, ಕಂದು ಆಗಿತ್ತು. ಲೇಸರಿನ ಅಕ್ಷರ ಮಾತ್ರ ಅಚ್ಚಳಿಯದೆ ಇದ್ದವು. ಗಲ್ಲೆಯ ಮೇಲೆ ತಮ್ಮ ಕೂತಿದ್ದ. ನಾನು ಬಂದದ್ದು ಅವನಿಗೆ ಕಂಡಿರಲಿಲ್ಲ. ಊಟ ಮುಗಿಸಿದ ಒಬ್ಬ ಹಿರಿಯರು ಗ್ರಿಲ್ಲಿನ ಮುಂದೆ ನಿಂತು ಫೋಟೋ ಹೊಡೆದು ಅವನ ಕಡೆ ತಿರುಗಿದರು.

"ಭಾಳ ಛಲೋ ಮಾಡೀರಿ ಬಿಡ್ರಿ. ಅವ್ವಗ ನೀವಾ ಕೊಡಿಸಿದ್ರೇನು?"

ತಮ್ಮ ಗಲ್ಲೆಯಿಂದ ಎದ್ದು ಬಂದ. ತಿಂಗಳಲ್ಲಿ ಎಷ್ಟು ಜನಕ್ಕೆ ಹೇಳಿದ್ದನೋ, ಆದರೂ ಅವನ ಕಿವಿ ಕೆಂಪಾಗಿತ್ತು.

"ಇಲ್ರಿ. ಅದು ಸುಳ್ಳು, ನಾ ಬರೆಸಿದ್ದು. ಅವ್ವ ದುಡುದು ತಾನಾ ತಗೊಂಡಿದ್ದು. ನಾನು ಅದರಾಗ ಉಂಡು ಬೆಳೆದಾವ."

ಹಿರಿಯರು ಫೋನ್ ಕಿಸೆಗೆ ಹಾಕಿಕೊಂಡರು. "ಹಂಗೇನು! ಏನ್ರಿ ಅವ್ವಾರ ಹೆಸರು?"

ಊಟಕ್ಕೆ ಕೂತ ಗಂಡಸರು ಇತ್ತ ತಿರುಗಿ ನೋಡುತ್ತಿದ್ದರು. ತಮ್ಮ ಎಲ್ಲರಿಗೂ ಕೇಳುವಂತೆ ಹೇಳಿದ. ಇಷ್ಟು ವರ್ಷದಲ್ಲಿ ಅವನ ಬಾಯಲ್ಲಿ ಅವ್ವನ ಹೆಸರು ನಾನು ಕೇಳಿದ್ದು ಅದೇ ಮೊದಲು.